ವಾರಂಟಿ ಗಾಡಿಯ ಎಣ್ಣೆ, ನಮ್ಮ ಅಂಗಳದಲ್ಲಿ

ನನ್ನ ಕೆಲಸ ರಕ್ತ ತೆಗೆಯುವುದು. ಚಿಕ್ಕೋಡಿಯ ಒಂದು ಖಾಸಗಿ ಲ್ಯಾಬಿನಲ್ಲಿದ್ದೇನೆ. ದವಾಖಾನೆಯವರೆಗೆ ಬರಲಾಗದ ಮುದುಕರು, ಬಾಣಂತಿಯರು, ಸಕ್ಕರೆ ಕಾಯಿಲೆಯವರು ಇರುವ ಮನೆಗಳಿಗೆ ಬೆಳಿಗ್ಗೆ ಅವರ ಹೊಟ್ಟೆ ಖಾಲಿ ಇರುವಾಗಲೇ ಹೋಗಬೇಕು. ತೆಗೆದ ರಕ್ತವನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಬಿಸಿಲೇರುವುದರೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಗಾಡಿ ದಾರಿಯಲ್ಲಿ ಕೈಕೊಟ್ಟರೆ ರಕ್ತ ಕೆಡುತ್ತದೆ, ಅದೇ ಮುದುಕಿಯ ತೋಳಿಗೆ ಮರುದಿನ ಮತ್ತೆ ಸೂಜಿ ಚುಚ್ಚಬೇಕಾಗುತ್ತದೆ. ಆ ಮುಖ ನೋಡುವುದು ನನಗೆ ಆಗುವುದಿಲ್ಲ. ಹಾಗಾಗಿ ಹಳೆಯ ಸ್ಕೂಟರ್ ಮಾರಿ ಹೊಸ ಮೋಟರ್‌ಸೈಕಲ್ ತೆಗೆದುಕೊಂಡೆ. ಕಬ್ಬಿನ ಟ್ರ್ಯಾಲಿಗಳು ಕೆತ್ತಿಟ್ಟ ರಸ್ತೆಗಳಲ್ಲಿ ದೊಡ್ಡ ಗಾಲಿಯ ಗಾಡಿಯೇ ಬೇಕು.

ನಮ್ಮ ಮನೆ ಕರೋಶಿಯಲ್ಲಿದೆ. ಅಣ್ಣ ಸೈನ್ಯದಲ್ಲಿದ್ದಾನೆ, ವರ್ಷದ ಹೆಚ್ಚಿನ ಕಾಲ ದೂರ. ಮನೆಯಲ್ಲಿ ನಾನು ಮತ್ತು ಅವನ ಹೆಂಡತಿ, ಅಂದರೆ ನನ್ನ ವೈನಿ. ಮನೆಯ ಮುಂದಿನ ಖೋಲಿಯಲ್ಲಿ ವೈನಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ನಾನು ಮೋಟರ್‌ಸೈಕಲ್ ತಂದ ದಿನ ಅವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಿಂದಿನ ಸೀಟಿನ ಮೇಲೆ ಕೈಯಾಡಿಸಿ, ಇದು ಬಹಳ ಎತ್ತರ, ನಾನಂತೂ ಹತ್ತುವುದಿಲ್ಲ ಎಂದು ಹೇಳಿ ಒಳಗೆ ಹೋಗಿದ್ದರು. ವಾರದೊಳಗೆ ಅದರ ಮೇಲೆಯೇ ಚಿಕ್ಕೋಡಿ ಸಂತೆಗೆ ಬಂದರು.

ಮೊದಲ ಮೂರು ಸರ್ವಿಸ್ ಫ್ರೀ. ಅವನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬುದು ಕಂಪನಿಯ ನಿಯಮ, ಮಾಡಿಸಿದೆ. ಎರಡನೆಯ ಸರ್ವಿಸ್ ಆದ ಮೇಲೆ ಏಕೋ ಮನಸ್ಸಿಗೆ ಸಮಾಧಾನವಾಗಲಿಲ್ಲ. ಎಣ್ಣೆ ತೋರಿಸುವ ಸಣ್ಣ ಗಾಜಿನ ಕಿಟಕಿಯಲ್ಲಿ ಬೆಳಿಗ್ಗೆ ನೋಡಿದರೆ ಹೊಸ ಎಣ್ಣೆ ಒಂದೇ ವಾರಕ್ಕೆ ಕಪ್ಪಾಗಿತ್ತು. ಮೆಕ್ಯಾನಿಕನನ್ನು ಕೇಳಿದರೆ ಹೊಸ ಇಂಜಿನ್ ಎಂದರೆ ಹಾಗೇ ಎಂದ. ಇರಬಹುದು. ಆದರೆ ನನ್ನ ಕೆಲಸದಲ್ಲಿ ಯಾವ ಟ್ಯೂಬಿನ ಮೇಲೂ ಗುರುತು ಹಾಕದೆ ಮುಂದಕ್ಕೆ ಬಿಡುವಂತಿಲ್ಲ, ಆ ಅಭ್ಯಾಸ ಕೈಗೆ ಅಂಟಿದೆ. ಮೂರನೆಯ ಸರ್ವಿಸ್‌ಗೆ ಬಿಡುವ ಮೊದಲು ಟ್ಯೂಬಿಗೆ ಬರೆಯುವ ಮಾರ್ಕರಿನಿಂದಲೇ ಆಯಿಲ್ ಫಿಲ್ಟರಿನ ಮುಚ್ಚಳದ ಬೋಲ್ಟ್ ಮೇಲೆ ಒಂದು ತೆಳ್ಳನೆಯ ಗೀರು ಎಳೆದೆ. ಬೋಲ್ಟಿನ ತಲೆಯಿಂದ ಮುಚ್ಚಳದವರೆಗೆ ನೇರ ಗೀರು. ಬೋಲ್ಟ್ ತಿರುಗಿದರೆ ಗೀರು ಮುರಿಯಲೇಬೇಕು.

ಸಂಜೆ ಗಾಡಿ ತರಲು ಹೋದಾಗ ಬಿಲ್ಲಿನಲ್ಲಿ ಹೊಸ ಫಿಲ್ಟರ್ ಹಾಕಿದ್ದೇವೆ ಎಂದಿತ್ತು. ಬಗ್ಗಿ ನೋಡಿದೆ. ಗೀರು ಒಂದಿಷ್ಟೂ ಅಲುಗಾಡಿರಲಿಲ್ಲ.

ಮ್ಯಾನೇಜರ್ ಒಳ್ಳೆಯ ಮಾತಿನ ಮನುಷ್ಯ. ನನ್ನನ್ನು ಕೂರಿಸಿ, ಚಹಾ ತರಿಸಿ, ಕೆಲಸದ ಒತ್ತಡದಲ್ಲಿ ಮರೆತಿರಬಹುದು, ನಾಳೆ ಬಿಡಿ, ಹಾಕಿ ಕೊಡುತ್ತೇವೆ ಎಂದರು. ಮರುದಿನ ಬಿಟ್ಟೆ, ಹಾಕಿದರು. ಆದರೆ ಎಣ್ಣೆ ಇಳಿಸುವ ಕೆಳಗಿನ ಬೋಲ್ಟನ್ನು ಯಾರೋ ಸಿಟ್ಟಿನಿಂದ ಬಿಗಿದಿದ್ದರು ಎಂದು ಕಾಣುತ್ತದೆ, ಎರಡು ದಿನಕ್ಕೆ ಅಲ್ಲಿಂದ ಹನಿ ಹನಿ ತೊಟ್ಟಿಕ್ಕತೊಡಗಿತು. ಮತ್ತೆ ಹೋದೆ, ಒಳಗಿನ ವಾಷರ್ ಬದಲಿಸಿದರು. ಒಟ್ಟಿನಲ್ಲಿ ಆ ವಾರ ನಾನು ಗಾಡಿಯ ಮೇಲೆ ಓಡಾಡಿದ್ದಕ್ಕಿಂತ ಶೋರೂಮಿನ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಮೂರನೆಯ ಬಾರಿ ಹೊರಡುವಾಗ ಮ್ಯಾನೇಜರರಿಗೆ ಹೇಳಿದೆ, ಇನ್ನು ಮುಂದೆ ಎಣ್ಣೆ, ಫಿಲ್ಟರ್ ನಾನೇ ಬದಲಿಸುತ್ತೇನೆ ಎಂದು. ಅವರು ನಕ್ಕರು.

“ಹೊರಗ ಒಂದು ಬೋಲ್ಟ್ ಬಿಚ್ಚಿದ್ರೂ ವಾರಂಟಿ ಹೋತ್ರಿ ಮೇಡಂ. ಆಮ್ಯಾಲ ನಮ್ಮ ಕಡೆ ಬರಬ್ಯಾಡ್ರಿ.”

ಈ ಮಾತನ್ನು ಮನೆಗೆ ಬಂದು ವೈನಿಗೆ ಹೇಳಿದೆ. ಅವರು ನನ್ನ ಪರ ನಿಲ್ಲುತ್ತಾರೆ ಎಂದುಕೊಂಡಿದ್ದೆ, ನಿಲ್ಲಲಿಲ್ಲ. ಗಿರಣಿಯ ಪಟ್ಟಾ ಸರಿಪಡಿಸುತ್ತಾ, ಹೊಸ ವಸ್ತು, ಇನ್ನೂ ವಾರಂಟಿ ಇದೆ, ಯಾಕೆ ಸುಮ್ಮನೆ ಮೈಮೇಲೆ ಎಳೆದುಕೊಳ್ಳುತ್ತಿ, ಕಾಲ ಮುಗಿಯಲಿ, ಆಮೇಲೆ ಬೇಕಾದ್ದು ಬಿಚ್ಚು ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಬದಲಾಗದ ಫಿಲ್ಟರ್ ಹೊತ್ತು ವಾರಂಟಿ ಮುಗಿಯುವವರೆಗೆ ಓಡಿಸಿದರೆ ಕೊನೆಗೆ ನನ್ನ ಕೈಗೆ ಬರುವುದು ಸವೆದ ಇಂಜಿನ್ ಮಾತ್ರ ಎಂದು ನನಗೆ ಅನ್ನಿಸಿತ್ತು. ಗಾಡಿಯ ಜೊತೆ ಕೊಟ್ಟ ಪುಸ್ತಕ ತೆಗೆದು ವಾರಂಟಿಯ ಪುಟಗಳನ್ನು ಎರಡು ಸಲ ಓದಿದೆ. ಒಂದು ಬೋಲ್ಟ್ ಬಿಚ್ಚಿದರೆ ಹೋಯಿತು ಎಂದು ಎಲ್ಲಿಯೂ ಇರಲಿಲ್ಲ. ಆದರೂ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಕೇಳಿದೆ, ಬಾಯಿಮಾತು ಬೇಡ, ಬರೆದು ಕಳಿಸಿ ಎಂದೆ. ಕಳಿಸಿದರು. ಫ್ರೀ ಸರ್ವಿಸ್ ಮುಗಿದ ಮೇಲೆ ಹೊರಗೆ ಎಣ್ಣೆ ಬದಲಿಸಿಕೊಳ್ಳಬಹುದು. ಆದರೆ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಮೀರಬಾರದು, ಅವರು ಹೇಳಿದ ದರ್ಜೆಯ ಎಣ್ಣೆ ಮತ್ತು ಕಂಪನಿಯ ಫಿಲ್ಟರನ್ನೇ ಹಾಕಬೇಕು, ಕೊಂಡ ಬಿಲ್ಲು ಇರಬೇಕು. ನಾವು ಮಾಡಿದ ಕೆಲಸದಿಂದಲೇ ಏನಾದರೂ ಕೆಟ್ಟರೆ ಅದು ನಮ್ಮ ತಲೆಗೆ. ಉಳಿದದ್ದಕ್ಕೆಲ್ಲ ವಾರಂಟಿ ಇದ್ದೇ ಇದೆ.

ನ್ಯಾಯವಾದ ಮಾತು ಎನ್ನಿಸಿತು. ಹಾಗಾದರೆ ನಾನೂ ಅವರ ಒಂದು ಶರತ್ತನ್ನೂ ತಪ್ಪಬಾರದು ಎಂದು ನಿರ್ಧರಿಸಿದೆ.

ಕಷ್ಟ ಶುರುವಾದದ್ದು ಅಲ್ಲಿಂದ. ಪುಸ್ತಕದಲ್ಲಿ ಬರೆದದ್ದು ಟೆನ್ ಡಬ್ಲ್ಯೂ ಥರ್ಟಿ ಎಣ್ಣೆ, ಅದೂ ಮೋಟರ್‌ಸೈಕಲ್ಲಿನದೇ ಆಗಿರಬೇಕು. ಚಿಕ್ಕೋಡಿಯಲ್ಲಿ ನಾನು ಮೊದಲು ಹೋದ ಅಂಗಡಿಯವನು ಅದೇ ಅಂಕಿ ಇದ್ದ ಡಬ್ಬಿ ಮುಂದಿಟ್ಟ, ಆದರೆ ಡಬ್ಬಿಯ ಮೇಲೆ ಕಾರಿನ ಚಿತ್ರವಿತ್ತು. ಕಾರಿನ ಎಣ್ಣೆ ಇದು ಎಂದೆ. ಎಲ್ಲ ಎಣ್ಣೆಯೂ ಒಂದೇ, ಚಿತ್ರ ಬೇರೆ ಅಷ್ಟೇ ಎಂದ. ಒಂದೇ ಅಲ್ಲ. ಕಾರಿನಲ್ಲಿ ಕ್ಲಚ್ ಎಣ್ಣೆಯ ಹೊರಗಿರುತ್ತದೆ. ನನ್ನಂಥ ಗಾಡಿಯಲ್ಲಿ ಇಂಜಿನ್, ಗೇರು, ಕ್ಲಚ್ ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ಎಣ್ಣೆ ಬಹಳ ಜಾರು, ಹಾಕಿದರೆ ಕ್ಲಚ್ಚಿನ ಪ್ಲೇಟುಗಳು ಹಿಡಿಯದೆ ಜಾರುತ್ತವೆ, ಏರಿನಲ್ಲಿ ಇಂಜಿನ್ ಕೂಗುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಇದನ್ನೆಲ್ಲ ನಾನು ಹುಟ್ಟಾ ತಿಳಿದವಳಲ್ಲ, ಆ ಹದಿನೈದು ದಿನ ಊಟ ಮಾಡುತ್ತಾ, ಲ್ಯಾಬಿನಲ್ಲಿ ಕಾಯುತ್ತಾ ಓದಿ ತಿಳಿದುಕೊಂಡದ್ದು. ಸರಿಯಾದ ಎಣ್ಣೆ ಅದೇ ರಸ್ತೆಯ ಇನ್ನೊಂದು ಅಂಗಡಿಯಲ್ಲಿ ಸಿಕ್ಕಿತು. ಸೀಲು ನೋಡಿ, ಬಿಲ್ಲು ಕೇಳಿ ತೆಗೆದುಕೊಂಡೆ.

ಫಿಲ್ಟರ್ ಮಾತ್ರ ಸಿಗಲಿಲ್ಲ. ಶೋರೂಮಿನ ಬಿಡಿಭಾಗದ ಕೌಂಟರಿನಲ್ಲಿ ಕೇಳಿದರೆ ಗಾಡಿ ಸರ್ವಿಸ್‌ಗೆ ಬಿಟ್ಟರೆ ಮಾತ್ರ ಹಾಕುತ್ತೇವೆ, ಕೈಗೆ ಕೊಡುವುದಿಲ್ಲ ಎಂದರು. ನಿಪ್ಪಾಣಿಗೆ ಹೋದೆ. ಅಲ್ಲಿ ದೊಡ್ಡ ಅಂಗಡಿ, ಮಾತೆಲ್ಲ ಮರಾಠಿ. ಅಂಗಡಿಯವರು ಒಂದು ಡಬ್ಬಿ ತಂದಿಟ್ಟು, “ಡಿಟ್ಟೋ ಆಹೇ ತಾಯಿ, ಕಾಹೀ ಫರಕ ನಾಹೀ” ಎಂದರು. ಥೇಟ್ ಅದೇ, ಏನೂ ವ್ಯತ್ಯಾಸವಿಲ್ಲ ಎಂದರ್ಥ. ಡಬ್ಬಿ ಬಣ್ಣದಲ್ಲಿ ಕಂಪನಿಯದರ ಹಾಗೇ ಇತ್ತು, ಆದರೆ ಕಂಪನಿಯ ಹೆಸರಿನಲ್ಲಿಯೇ ಒಂದು ಅಕ್ಷರ ಕಡಿಮೆ. ಒಳಗಿನ ಕಾಗದದ ಮಡಿಕೆಗಳು ಒಂದಕ್ಕೊಂದು ಅಂಟಿದ್ದವು. ಬಿಲ್ಲು ಕೊಡುತ್ತೀರಾ ಎಂದರೆ ಬಿಳಿ ಚೀಟಿಯಲ್ಲಿ ಬರೆದು ಕೊಡುತ್ತೇನೆ ಎಂದರು. ನಮಸ್ಕಾರ ಹೇಳಿ ಹೊರಗೆ ಬಂದೆ. ಬಸ್ ನಿಲ್ದಾಣದ ಎದುರು ಕೂತು ಒಂದು ಕಪ್ ಚಹಾ ಕುಡಿದೆ. ಅಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವ ಬೇಜಾರು ಚಹಾದ ಜೊತೆ ಇಳಿಯಲಿಲ್ಲ. ಆದರೆ ಆ ಡಬ್ಬಿ ತೆಗೆದುಕೊಂಡಿದ್ದರೆ ಅದಕ್ಕಿಂತ ಹೆಚ್ಚು ಬೇಜಾರಾಗುತ್ತಿತ್ತು.

ಕುಡಚಿಯಲ್ಲಿ ನಾನು ವಾರಕ್ಕೊಮ್ಮೆ ರಕ್ತ ತೆಗೆಯುವ ಒಬ್ಬ ಅಜ್ಜಿ ಇದ್ದರು. ಅವರ ಮನೆಯವರು ಸ್ಟೇಷನ್ ರಸ್ತೆಯ ಒಂದು ಬಿಡಿಭಾಗದ ಅಂಗಡಿ ಹೇಳಿದರು. ಅಂಗಡಿ ಚಿಕ್ಕದು, ವಯಸ್ಸಾದ ಮಾಲೀಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರು ಮೂರು ಕಪಾಟು ಹುಡುಕಿ, ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

“ಇಲ್ಲಂದ್ರ ಇಲ್ಲ ಅಂತೇನಿ ನೋಡ್ರಿ ಬೇಟಿ. ಮಿರಜದಾಗ ಕಂಪನಿ ಡೀಲರ್ ಅದಾನ, ತರಸ್ತೇನಿ. ಅವಸರ ಮಾಡಬ್ಯಾಡ್ರಿ.”

ಅವಸರ ಮಾಡದೇ ಇರುವುದು ನನ್ನ ಕೈಯಲ್ಲಿರಲಿಲ್ಲ. ಪುಸ್ತಕದ ಕಿಲೋಮೀಟರ್ ಹತ್ತಿರ ಬಂದಿತ್ತು. ಒಂದೇ ಒಂದು ಕಿಲೋಮೀಟರ್ ಮೀರಿದರೂ ಮ್ಯಾನೇಜರರ ಬಾಯಿಗೆ ನಾನೇ ಮಾತು ಕೊಟ್ಟಂತೆ. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಗೋಣಿತಾಟು ಹೊದಿಸಿದೆ. ಫಿಲ್ಟರ್ ಬರುವವರೆಗೆ ಐಸಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲೇ ತಿರುಗಿದೆ. ಬೆಳಗಿನ ಮೊದಲ ಬಸ್ ಹಿಡಿಯಬೇಕು, ಇಳಿದ ಊರಿನಲ್ಲಿ ಅರ್ಧ ದಾರಿ ನಡೆಯಬೇಕು. ರಾಯಬಾಗದ ಬಸ್ಸಿನಲ್ಲಿ ಒಬ್ಬ ಹೆಂಗಸು ಪೆಟ್ಟಿಗೆಯಲ್ಲಿ ಮೀನು ಇದೆಯೇ ಎಂದು ಕೇಳಿದಳು. ರಕ್ತ ಇದೆ ಎಂದು ಹೇಳಿದ ಮೇಲೆ ಪಕ್ಕದ ಸೀಟು ರಾಯಬಾಗದವರೆಗೂ ಖಾಲಿಯೇ ಇತ್ತು. ವೈನಿ ದಿನಾ ಬೆಳಿಗ್ಗೆ ನನಗಿಂತ ಮೊದಲು ಎದ್ದು ರೊಟ್ಟಿ ಬಡಿದು ಕಟ್ಟಿಕೊಡುತ್ತಿದ್ದರು. ಒಂದು ದಿನ ನಾನು ಕೇಳದೆಯೇ, ಗಿರಣಿಯ ಬೋಲ್ಟ್ ಬಿಚ್ಚುವ ಪಾನಾಗಳ ಚೀಲ ತಂದು ಗಾಡಿಯ ಪಕ್ಕ ಇಟ್ಟಿದ್ದರು.

ಕೊನೆಗೆ ಚಾಚಾ ಫೋನ್ ಮಾಡಿದರು. ಮಿರಜದಿಂದ ರೈಲಿನಲ್ಲಿ ಬಂದ ಡಬ್ಬಿ. ಫಿಲ್ಟರ್, ಅದರ ಮುಚ್ಚಳದ ರಬ್ಬರ್ ಉಂಗುರ, ಕೆಳಗಿನ ಬೋಲ್ಟಿಗೆ ಹೊಸ ವಾಷರ್. ನಾನು ಕೇಳಿದ್ದು ಫಿಲ್ಟರ್ ಮಾತ್ರ, ಉಳಿದೆರಡನ್ನೂ ಅವರೇ ನೆನೆದು ತರಿಸಿದ್ದರು. ಮುದ್ರಿತ ಬಿಲ್ಲಿನ ಮೇಲೆ ನನ್ನ ಗಾಡಿಯ ನಂಬರನ್ನೂ ಹಾಕಿದರು.

ಆ ಭಾನುವಾರ ಬೆಳಿಗ್ಗೆ ಗಿರಣಿ ಬಂದ್ ಮಾಡಿ ಇಬ್ಬರೂ ಅಂಗಳದಲ್ಲಿ ಕೂತೆವು. ಎಣ್ಣೆ ತೆಳುವಾಗಿ ಇಳಿಯಲಿ ಎಂದು ಇಂಜಿನ್ ಸ್ವಲ್ಪ ಹೊತ್ತು ಓಡಿಸಿದೆ. ಹಳೆಯ ಬೋಗುಣಿ ಕೆಳಗಿಟ್ಟು ಬೋಲ್ಟ್ ಬಿಚ್ಚಲು ಹೋದರೆ ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ವೈನಿ ಪಾನಾಕ್ಕೆ ಒಂದು ಕಬ್ಬಿಣದ ಪೈಪು ಸೇರಿಸಿ, ನನ್ನನ್ನು ಗಾಡಿ ಹಿಡಿಯಲು ಹೇಳಿ, ಒಮ್ಮೆ ಜೋರಾಗಿ ಒತ್ತಿದರು. ಬೋಲ್ಟ್ ಬಂತು, ಅದರ ಜೊತೆಗೆ ಬಿಸಿ ಎಣ್ಣೆ ನನ್ನ ಮಣಿಕಟ್ಟಿನ ಮೇಲೂ ಬಂತು. ಸುಟ್ಟ ಕಲೆ ಬಹಳ ದಿನ ಇತ್ತು. ಫಿಲ್ಟರಿನ ಮುಚ್ಚಳ ತೆಗೆಯುವಾಗ ಒಳಗಿದ್ದ ಸ್ಪ್ರಿಂಗ್ ಚಿಮ್ಮಿ ಎಲ್ಲಿಗೋ ಹೋಯಿತು. ಅಂಗಳದ ಮೂಲೆಯಲ್ಲಿ ಕಟ್ಟಿದ್ದ ನಮ್ಮ ಎಮ್ಮೆಗೆ ಹಾಕಿದ ಮೇವಿನಲ್ಲಿ ಇಬ್ಬರೂ ಮೊಣಕಾಲೂರಿ ಹುಡುಕಿದೆವು. ಎಮ್ಮೆ ತಿಂದರೆ ಅದಕ್ಕೂ ವಾರಂಟಿ ಇಲ್ಲ ಎಂದು ವೈನಿ ಹೇಳಿದಾಗ ನಗು ಬಂದು ನನಗೆ ಹುಡುಕಲೂ ಆಗಲಿಲ್ಲ. ಸಿಕ್ಕಿತು. ಹೊಸ ಫಿಲ್ಟರನ್ನು ಪುಸ್ತಕದ ಚಿತ್ರ ನೋಡಿ, ತೂತಿನ ಬದಿ ಒಳಗಾಗಿ ಕೂರಿಸಿದೆ. ಬೋಲ್ಟುಗಳನ್ನು ಕೈಯಿಂದಲೇ ಹಿಡಿಸಿ, ಆಮೇಲೆ ಪಾನಾದಿಂದ ಬೇಕಾದಷ್ಟೇ ಬಿಗಿದೆ. ಎಣ್ಣೆ ಅಳತೆ ಪಾತ್ರೆಯಿಂದ ಹಾಕಿ, ಸ್ಟಾರ್ಟ್ ಮಾಡಿ, ನಿಲ್ಲಿಸಿ, ಕಾದು, ಕಿಟಕಿಯಲ್ಲಿ ನೋಡಿದೆ. ಜೇನಿನ ಬಣ್ಣದ ಎಣ್ಣೆ ಎರಡು ಗೆರೆಗಳ ನಡುವೆ ನಿಂತಿತ್ತು. ವೈನಿಯೂ ಬಗ್ಗಿ ನೋಡಿದರು. ಅವರ ಕೆನ್ನೆಗೆ ಕಪ್ಪು ಹತ್ತಿತ್ತು, ನಾನು ಹೇಳಲಿಲ್ಲ.

ಎಲ್ಲ ಸುಖವಾಗಿಯೇ ನಡೆದಿತ್ತು. ಎರಡನೆಯ ಬಾರಿ ಎಣ್ಣೆ ಬದಲಿಸಿ ಕೆಲವು ವಾರ ಕಳೆದ ಮೇಲೆ ಗೇರು ಹಾಕುವ ಕಡ್ಡಿಯ ಬುಡದಲ್ಲಿ ಎಣ್ಣೆಯ ಪಸೆ ಕಾಣಿಸಿತು. ಒರೆಸಿದರೆ ಮರುದಿನ ಮತ್ತೆ ಇರುತ್ತಿತ್ತು. ಆ ಜಾಗದ ರಬ್ಬರ್ ಸೀಲು ಹೋಗಿತ್ತು. ನಾನು ಕೈ ಹಾಕಿದ್ದು ಬಲಬದಿಯಲ್ಲಿ, ಇದು ಎಡಬದಿ, ನನ್ನ ಕೆಲಸಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಶೋರೂಮಿಗೆ ಹೋದೆ. ಮ್ಯಾನೇಜರ್ ಈ ಸಲ ಚಹಾ ತರಿಸಲಿಲ್ಲ. ನೀವೇ ಬಿಚ್ಚಿದ ಗಾಡಿ, ನೀವೇ ನೋಡಿಕೊಳ್ಳಿ ಎಂದರು. ಕಂಪನಿ ಬರೆದು ಕಳಿಸಿದ್ದು ತೋರಿಸಿದೆ, ಬಿಲ್ಲುಗಳನ್ನು ಇಟ್ಟೆ. ಅವನ್ನು ಮುಟ್ಟದೆ, ಅದೆಲ್ಲ ಮೇಲಿನವರ ಮಾತು, ಇಲ್ಲಿ ನಾನು ಹೇಳಿದ್ದೇ ಎಂದರು. ಹಾಗಾದರೆ ವಾರಂಟಿ ಇಲ್ಲವೆಂದು ಬರೆದು ಕೊಡಿ ಎಂದೆ. ಕೊಡುವುದಿಲ್ಲ ಎಂದರು. ನಾನು ಹೋಗುವುದಿಲ್ಲ ಎಂದು ಬೆಂಚಿನ ಮೇಲೆ ಕೂತೆ.

ನಾನು ಊಟಕ್ಕೆ ಬರಲಿಲ್ಲವೆಂದು ಫೋನ್ ಮಾಡಿದ ವೈನಿ, ವಿಷಯ ತಿಳಿದು ಬಸ್ಸಿನಲ್ಲಿ ಡಬ್ಬಿ ಹಿಡಿದುಕೊಂಡು ಬಂದರು. ತಲೆಯ ಮೇಲೆ ಸೆರಗು, ಕೈಗೆ ಇನ್ನೂ ಜೋಳದ ಹಿಟ್ಟು. ಹೊಸ ಗಾಡಿಗಳ ನಡುವೆ ಕೂತು ಇಬ್ಬರೂ ರೊಟ್ಟಿ, ಬದನೆಕಾಯಿ ಪಲ್ಯ ಉಂಡೆವು. ಗಾಡಿ ನೋಡಲು ಬಂದವರು ನಮ್ಮನ್ನು ನೋಡಿದರು. ಉಂಡು ಕೈ ತೊಳೆದು ವೈನಿ ಮ್ಯಾನೇಜರರ ಮೇಜಿನ ಮುಂದೆ ನಿಂತರು.

“ಸಾಹೇಬ್ರ, ಇಕಿ ಬಿಚ್ಚುವಾಗ ನಾ ಮಗ್ಗಲದಾಗ ಕುಂತಿದ್ದೆ. ನಮ್ಮ ತಪ್ಪಿದ್ರ ನಾವ ರೊಕ್ಕ ಕೊಡತೇವಿ, ಒಂದ ಮಾತ ಅನ್ನಂಗಿಲ್ಲ. ಆದ್ರ ತಪ್ಪು ಯಾರದು ಅಂತ ನೀವು ಗಾಡಿ ನೋಡಲಾರ್ದ ಹೆಂಗ ಹೇಳತೀರಿ? ನೋಡಾವ್ರನ್ನ ಕರಸ್ರಿ.”

ಧ್ವನಿ ಏರಿಸಲಿಲ್ಲ. ಗಾಡಿ ಬಿಚ್ಚಬೇಡ ಎಂದು ಮೊದಲು ಹೇಳಿದವರೇ ಅವರು. ಅದನ್ನು ಅಲ್ಲಿ ಒಂದು ಮಾತಿನಲ್ಲೂ ತೋರಿಸಲಿಲ್ಲ. ಮ್ಯಾನೇಜರ್ ಗೋಡೆಯ ಕ್ಯಾಲೆಂಡರ್ ನೋಡಿ, ಕಂಪನಿಯ ಇಂಜಿನಿಯರ್ ಗುರುವಾರ ಬೆಳಿಗ್ಗೆ ಬರುತ್ತಾರೆ, ಆಗ ತನ್ನಿ ಎಂದರು.

ಗುರುವಾರ ಬೆಳಿಗ್ಗೆ ನನ್ನ ಪೆಟ್ಟಿಗೆಯಲ್ಲಿ ಕಾಗವಾಡದ ಕಡೆಯ ಟ್ಯೂಬುಗಳಿದ್ದವು. ಒಬ್ಬ ಗರ್ಭಿಣಿಯದು, ಎರಡು ಡಯಾಲಿಸಿಸ್‌ನವರದು. ಶೋರೂಮ್ ದಾರಿಯಲ್ಲೇ ಇತ್ತು, ಇಂಜಿನಿಯರರ ಕಾರು ಹೊರಗೆ ನಿಂತದ್ದೂ ಕಂಡಿತು. ಒಳಗೆ ಹೋದರೆ ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟವಳು ತೆಗೆದೆ. ಮೊದಲು ಲ್ಯಾಬಿಗೆ ಹೋಗಿ ಟ್ಯೂಬು ಒಪ್ಪಿಸಿ ಬರುವಷ್ಟರಲ್ಲಿ ಕಾರು ಇರಲಿಲ್ಲ. ಅಥಣಿಯ ಶಾಖೆಗೆ ಹೋದರು, ಇನ್ನು ಮುಂದಿನ ತಿಂಗಳೇ ಬರುವುದು ಎಂದರು ಒಳಗಿನವರು.

ನಾನು ಅಲ್ಲಿ ಒಂದು ನಿಮಿಷವೂ ನಿಲ್ಲಲಿಲ್ಲ. ಗಾಜಿನ ಕಿಟಕಿಯಲ್ಲಿ ಎಣ್ಣೆ ನೋಡಿದೆ, ಕೆಳಗಿನ ಗೆರೆಗಿಂತ ಮೇಲಿತ್ತು. ಸೋರಿದರೆ ಹಾಕಲೆಂದು ಇಟ್ಟುಕೊಂಡಿದ್ದ ಹೆಚ್ಚಿನ ಎಣ್ಣೆಯ ಡಬ್ಬಿ ಚೀಲದಲ್ಲೇ ಇತ್ತು, ಅಥಣಿಗೆ ಹೊರಟೆ. ಕಬ್ಬಿನ ಸೀಜನ್, ರಸ್ತೆ ತುಂಬ ಟ್ರ್ಯಾಕ್ಟರುಗಳು. ಒಂದೊಂದರ ಹಿಂದೆ ಎರಡೆರಡು ಟ್ರ್ಯಾಲಿ, ದಾಟಲು ಜಾಗವಿಲ್ಲ. ಕುಡಚಿಯ ಹತ್ತಿರ ಕೃಷ್ಣೆಯನ್ನು ದಾಟಿ, ಆಚೆ ನಿಲ್ಲಿಸಿ ಮತ್ತೆ ಎಣ್ಣೆ ನೋಡಿ, ಸ್ವಲ್ಪ ಹಾಕಿ ಮುಂದೆ ಹೋದೆ. ಎಡಗಾಲಿನ ಚಪ್ಪಲಿ, ಸಲ್ವಾರಿನ ಅಂಚು ಎಣ್ಣೆಯಿಂದ ಕಪ್ಪಾಗಿತ್ತು. ಅಥಣಿಯ ಶಾಖೆಯ ಎದುರು ಆ ಕಾರು ಕಂಡಾಗ ಹೆಲ್ಮೆಟ್ ತೆಗೆಯುವುದನ್ನೂ ಮರೆತು ಒಳಗೆ ಹೋಗಿದ್ದೆ.

ಇಂಜಿನಿಯರ್ ನನ್ನಷ್ಟೇ ವಯಸ್ಸಿನವರು. ಊಟಕ್ಕೆ ಹೊರಟವರು ನಿಂತು ಕೇಳಿದರು. ಚಿಕ್ಕೋಡಿಯಿಂದ ಇದೇ ಗಾಡಿಯ ಮೇಲೆ ಬಂದಿರಾ ಎಂದರು, ಹೌದು ಎಂದೆ. ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ, ಸ್ವತಃ ಎಣ್ಣೆ ಇಳಿಸಿ ಬೆರಳಿಗೆ ಹಚ್ಚಿ ನೋಡಿದರು. ಫಿಲ್ಟರ್ ತೆಗೆದು ಅದರ ಮೇಲಿನ ಕಂಪನಿಯ ಅಂಕಿ ಓದಿದರು. ಕೆಳಗಿನ ಬೋಲ್ಟಿನ ಹಲ್ಲು ಸವರಿ ನೋಡಿದರು. ಆ ಹೊತ್ತಿನಲ್ಲಿ ನನಗೆ ನಿಜವಾಗಿ ಹೆದರಿಕೆಯಾಯಿತು. ಎಲ್ಲಾದರೂ ಒಂದು ಕಡೆ ನಾನು ತಪ್ಪು ಮಾಡಿದ್ದರೆ ಎಂಬ ಯೋಚನೆ ಮೊದಲ ಸಲ ಬಂತು. ಆಮೇಲೆ ಅವರು ಎಡಬದಿಯ ಸೀಲನ್ನು ತೆಗೆಸಿ, ಅದರ ಅಂಚಿನ ಸೀಳನ್ನು ನನಗೆ ತೋರಿಸಿದರು.

“ಇದು ಸೀಲಿನದ ದೋಷ ಐತ್ರಿ. ನಿಮ್ಮ ಕೆಲಸದಾಗ ಏನೂ ತಪ್ಪಿಲ್ಲ. ವಾರಂಟಿಯೊಳಗ ಆಗತೈತಿ.”

ಅಲ್ಲೇ, ಅಥಣಿಯಲ್ಲೇ ಸೀಲು ಹಾಕಿಸಿದರು. ನನ್ನ ಎದುರಿಗೇ ಚಿಕ್ಕೋಡಿಗೆ ಫೋನ್ ಮಾಡಿ, ಇನ್ನು ಮುಂದೆ ಈ ಗಾಡಿ ಬಂದರೆ ನೋಡದೆ ಹಿಂದೆ ಕಳಿಸಬೇಡಿ ಎಂದರು. ಬೈಯಲಿಲ್ಲ, ಅಷ್ಟೇ ಹೇಳಿದರು. ಮ್ಯಾನೇಜರರಿಗೂ ನನಗೂ ಈಗ ಮಾತು ಕಡಿಮೆ. ಆದರೆ ಬಿಡಿಭಾಗದ ಕೌಂಟರಿನಲ್ಲಿ ಫಿಲ್ಟರ್ ಕೈಗೆ ಕೊಡುತ್ತಾರೆ, ಕೇಳಿದವರಿಗೆಲ್ಲ.

ಅಥಣಿಯಿಂದ ಹೊರಡುವ ಮೊದಲು ವೈನಿಗೆ ಫೋನ್ ಮಾಡಿದೆ. ಗಿರಣಿಯ ಸದ್ದಿನಲ್ಲಿ ಅವರಿಗೆ ಮೊದಲು ಕೇಳಿಸಲಿಲ್ಲ. ಎರಡನೆಯ ಸಲ ಜೋರಾಗಿ ಹೇಳಿದೆ. ಆಚೆ ಗಿರಣಿ ನಿಂತ ಸದ್ದು ಕೇಳಿತು.

“ಊಟ ಮಾಡಿಯೇನ?” ಎಂದರು.

ಇಲ್ಲ ಎಂದೆ. ಹಾಗಾದರೆ ಮೊದಲು ಊಟ ಮಾಡು, ಆಮೇಲೆ ಹೊರಡು, ದಾರಿಯಲ್ಲಿ ಟ್ರ್ಯಾಲಿಗಳಿವೆ, ನಿಧಾನವಾಗಿ ಬಾ ಎಂದು ಹೇಳಿ ಫೋನ್ ಇಟ್ಟರು. ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಕೂತು ಹೊಟ್ಟೆ ತುಂಬ ಉಂಡೆ.